ಊರಿನಲ್ಲಿ ಯಾರೂ ಇಲ್ಲ ಎಂಬ ಪತ್ರ

ಕೊರೋನಾದ ಎರಡನೇ ಅಲೆಯಲ್ಲಿ ಸಿಂಧನೂರಿನ ಲಾಡ್ಜಿನಲ್ಲಿ ರೂಮು ಬೇಕೆಂದರೆ, ಮೊದಲು ನಮ್ಮ ಕಷ್ಟ ನಿಜವೆಂದು ರುಜುವಾತು ಮಾಡಬೇಕಿತ್ತು. ಆಧಾರ್ ಕಾರ್ಡು, ಸೋಂಕಿಲ್ಲವೆಂಬ ರಿಪೋರ್ಟು, ಆಸ್ಪತ್ರೆಯ ಚೀಟಿ ಎಲ್ಲವನ್ನೂ ನನ್ನ ಗಂಡ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಕೌಂಟರಿನ ಮುಂದೆ ನಿಂತಿದ್ದರು. ನಾನು ಹೆತ್ತು ನಾಲ್ಕು ದಿನವಾಗಿತ್ತು. ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಬಿಗಿದುಕೊಂಡು ಬಾಗಿಲ ಮೆಟ್ಟಿಲ ಮೇಲೆ ಕುಳಿತಿದ್ದೆ. ಹೊರಗೆ ಮೇ ತಿಂಗಳ ಬಿಸಿಲು, ರಸ್ತೆಯಲ್ಲಿ ಪೊಲೀಸರನ್ನು ಬಿಟ್ಟರೆ ನರಪಿಳ್ಳೆ ಇಲ್ಲ.

ನಮ್ಮ ಸಂಸಾರ ಲಿಂಗಸುಗೂರಿನಲ್ಲಿ. ನಾನು ಮಸ್ಕಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ, ಗಂಡ ಬ್ಯಾಂಕಿನಲ್ಲಿ ಗುಮಾಸ್ತರು. ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿಂತ ಬಸಿರು ಎಂಟನೇ ತಿಂಗಳಿಗೇ ಅವಸರ ಮಾಡಿತು. ಲಿಂಗಸುಗೂರಿನ ಡಾಕ್ಟರು ಸಿಂಧನೂರಿಗೆ ಹೋಗಿ ಎಂದರು, ಹೋದೆವು. ಹೆಣ್ಣು ಕೂಸು. ಅಂಗೈಯಷ್ಟಿದ್ದ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ನಾಲ್ಕನೇ ದಿನ ನನ್ನ ಹಾಸಿಗೆ ಬೇರೆಯವರಿಗೆ ಬೇಕಾಗಿ ನನ್ನನ್ನು ಮಾತ್ರ ಡಿಸ್ಚಾರ್ಜ್ ಮಾಡಿದರು.

"ಮೂರು ತಾಸಿಗೊಮ್ಮಿ ಬಂದು ಹಾಲು ಕೊಟ್ಟು ಹೋಗವ್ವ. ಡಬ್ಬಿ ಹಾಲು ಈ ಕೂಸಿಗೆ ತಡಿಯಂಗಿಲ್ಲ. ಇಲ್ಲೇ ಹತ್ರ ಎಲ್ಲ್ಯರ ಇರ್ರಿ," ಎಂದರು ಡಾಕ್ಟರಮ್ಮ.

ಎಲ್ಲಿ ಇರುವುದು ಎಂಬ ಪ್ರಶ್ನೆಯೇ ನನಗೆ ಇರಲಿಲ್ಲ. ಸಿಂಧನೂರಿನಲ್ಲಿ ನನ್ನ ಸ್ವಂತ ಅಕ್ಕ ಇದ್ದಾಳೆ. ಅವ್ವ ತೀರಿಕೊಂಡ ಮೇಲೆ ಅವಳ ಮನೆಯೇ ನನಗೆ ತವರು. ಭಾವನಿಗೆ ಗೊಬ್ಬರದ ಅಂಗಡಿ. ದಢೇಸುಗೂರು, ತುರ್ವಿಹಾಳದ ಗದ್ದೆಯವರೆಲ್ಲ ಅವರ ಗಿರಾಕಿಗಳು. ಮನೆ ಎರಡಂತಸ್ತಿನದು, ಮೇಲಿನ ಕೋಣೆ ಸದಾ ಖಾಲಿ. ನಮ್ಮ ಕಡೆ, ಬಳಗದ ಮನೆಯಿರುವ ಊರಿನಲ್ಲಿ ಯಾರಾದರೂ ಲಾಡ್ಜಿನಲ್ಲಿ ಮಲಗಿದರೆ ಅದು ಆ ಮನೆಯವರಿಗೆ ಮುಖಕ್ಕೆ ಹೊಡೆದ ಹಾಗೆ. ಒಮ್ಮೆ ಪಾಮನಕಲ್ಲೂರಿನ ಸೋದರಮಾವ ಯಾರದೋ ಮದುವೆಗೆಂದು ಬಂದು ಲಾಡ್ಜು ಹಿಡಿದಾಗ ಅಕ್ಕನೇ ಹೋಗಿ ಅವನ ಚೀಲ ಎತ್ತಿಕೊಂಡು ಬಂದಿದ್ದಳು. "ನಮ್ಮ ಮನಿ ಬಾಗಲಾ ಮುಚ್ಚೇತೇನು?" ಎಂದು ಬೀದಿಗೆಲ್ಲ ಕೇಳುವ ಹಾಗೆ ಜಗಳ ತೆಗೆದಿದ್ದಳು. ಅಂಥ ಅಕ್ಕ.

ಡಿಸ್ಚಾರ್ಜ್ ಆದ ಬೆಳಿಗ್ಗೆ ಫೋನು ಮಾಡಿದೆ. "ನಮ್ಮ ಅತ್ತೀಗೆ ಸಕ್ಕರಿ ಕಾಯಿಲೆ, ಬಿಪಿ. ದವಾಖಾನಿಂದ ನೇರ ಬಂದ್ರ ಆ ಮುದುಕಿ ಅಂಜತಾಳ," ಎಂದಳು. "ಎರಡು ದಿನ ಲಾಡ್ಜಿನ್ಯಾಗ ಇರ್ರಿ ತಂಗಿ. ಆಮ್ಯಾಲೆ ನಾನ ಬಂದು ಕರಕೊಂಡು ಹೋಗ್ತೀನಿ." ನನಗೆ ಕೆಟ್ಟದ್ದೆನಿಸಿತು, ಆದರೂ ನುಂಗಿಕೊಂಡೆ. ಹೆದರಿಕೆ ಯಾರಿಗಿರಲಿಲ್ಲ? ನನಗೇ ನನ್ನ ಉಸಿರಿನ ಹೆದರಿಕೆ ಇತ್ತು. ಎರಡು ದಿನ ತಾನೆ ಎಂದುಕೊಂಡೆ.

ಲಾಡ್ಜಿನಲ್ಲಿ ಕೆಲಸ ಕೆಟ್ಟದ್ದು ನನ್ನ ಗಂಡನಿಂದ. ತುಂಬಲು ಕೊಟ್ಟ ಫಾರಮ್ಮಿನಲ್ಲಿ 'ಊರಿನಲ್ಲಿ ಪರಿಚಯದವರು' ಎಂಬ ಸಾಲಿತ್ತು. ನಮ್ಮವರಿಗೆ ಇಂಥ ಸಾಲು ಕಂಡರೆ ಹುರುಪು. ಯಾವ ಕಚೇರಿಗೆ ಹೋದರೂ ಇಂಥವರು ನಮ್ಮವರು ಎಂದು ಹೇಳಿಯೇ ಕೂರುವ ಮಂದಿ ನಾವು. ಇವರು ಭಾವನ ಹೆಸರು, ಅಂಗಡಿಯ ಹೆಸರು ಬರೆದು, ಮ್ಯಾನೇಜರನಿಗೆ ಬಾಯಲ್ಲೂ ಹೇಳಿದರು: "ನಮ್ಮ ಷಡ್ಡಕರು ರೀ. ನಿಮಗ ಗೊತ್ತಿರಬೇಕಲ್ಲ?"

ಮ್ಯಾನೇಜರ್ ಪೆನ್ನು ಕೆಳಗಿಟ್ಟ. "ಗೊತ್ತಿಲ್ದ ಏನ್ರೀ ಸರ್. ಅಂಥವರು ನಿಮ್ಮ ಷಡ್ಡಕರಂದ್ರ ಹಸಿ ಬಾಣಂತೀನ ಕರಕೊಂಡು ಇಲ್ಲಿಗ್ಯಾಕ ಬಂದೀರಿ? ಊರಾಗ ಬಳಗ ಇದ್ದವರಿಗೆ ರೂಮ್ ಕೊಡಬ್ಯಾಡ ಅಂತ ಚೆಕ್ಕಿಂಗಿಗೆ ಬಂದವರು ಹೇಳಿ ಹೋಗ್ಯಾರ. ಮೊನ್ನೆ ಒಬ್ಬರಿಗೆ ಕೊಟ್ಟು ಬೈಸ್ಕೊಂಡೀನಿ."

ಅದು ನಿಜವಾದ ನಿಯಮವೋ, ಅವನೇ ಕಟ್ಟಿಕೊಂಡದ್ದೋ, ಇವತ್ತಿಗೂ ನನಗೆ ಗೊತ್ತಿಲ್ಲ. ಗಂಡ ಕೈಮುಗಿಯುವುದೊಂದು ಬಾಕಿ. ಕೊನೆಗೆ ಮ್ಯಾನೇಜರನೇ ದಾರಿ ತೋರಿಸಿದ. "ಒಂದು ಕೆಲಸ ಮಾಡ್ರಿ. ಇವರು ನಮ್ಮ ಸಂಬಂಧಿಕರಲ್ಲ, ಇವರಿಗೆ ಊರಾಗ ಯಾರೂ ಇಲ್ಲ ಅಂತ ಅವರ ಕಡಿಂದ ಬರಿಸ್ಕೊಂಡು ಬರ್ರಿ. ಯಾರರ ಕೇಳಿದ್ರ ತೋರ್ಸಾಕ ನನಗೊಂದು ಕಾಗದ ಇರ್ಲಿ. ಈಗಿಂದೀಗ ಕೀಲಿ ಕೊಡ್ತೀನಿ."

ಗಂಡ ಮುಖ ಬಾಡಿಸಿಕೊಂಡು ಹೊರಗೆ ಬಂದರು. ನಾನು ಮಾತ್ರ, ನಿಜ ಹೇಳಬೇಕೆಂದರೆ, ಒಳಗೊಳಗೇ ಹಿಗ್ಗಿದೆ. ಇಂಥ ಪತ್ರವನ್ನು ಅಕ್ಕ ಬರೆಸಿಕೊಡುವುದುಂಟೇ? ಮಾತು ಕಿವಿಗೆ ಬಿದ್ದ ಕೂಡಲೇ ಅವಳಿಗೆ ಸಿಟ್ಟು ಬರುತ್ತದೆ, ಮ್ಯಾನೇಜರನಿಗೆ ಹಿಡಿ ಶಾಪ ಹಾಕಿ, ಅತ್ತೆಯನ್ನು ಒಂದು ಕೋಣೆಯಲ್ಲಿ ಕೂರಿಸಿ, ನನ್ನನ್ನು ಮಹಡಿಗೆ ಹತ್ತಿಸುತ್ತಾಳೆ. ಹೊಲಿಗೆ ಜಗ್ಗುತ್ತಿದ್ದರೂ ಆ ನಂಬಿಕೆಯ ಮೇಲೆಯೇ ನಾನು ಅವಳ ಮನೆಯ ತನಕ ನಡೆದೆ. ಹನ್ನೆರಡಕ್ಕೆ ಕೂಸಿಗೆ ಹಾಲು ಕೊಡಬೇಕಿತ್ತು. ಆಗಲೇ ಹನ್ನೊಂದು ದಾಟಿತ್ತು.

ಗೇಟಿಗೆ ಒಳಗಿನಿಂದ ಕೀಲಿ ಹಾಕಿತ್ತು. ಭಾವ ಮಾಸ್ಕು ಹಾಕಿಕೊಂಡು ಅಂಗಳಕ್ಕೆ ಬಂದರು. ಅಕ್ಕ ಕಿಟಕಿಯ ಹಿಂದೆ ನಿಂತಳು. ಹೆತ್ತ ಮೇಲೆ ಅವಳು ನನ್ನನ್ನು ನೋಡಿದ್ದು ಅದೇ ಮೊದಲು. "ಅಯ್ಯ, ಬಿಸಲಾಗ ಯಾಕ ಬಂದಿ?" ಎಂದಳು. ಅವಳ ದನಿಯಲ್ಲಿ ಕರುಳು ಇತ್ತು, ಅದನ್ನು ನಾನು ಸುಳ್ಳೆನ್ನಲಾರೆ. ಗಂಡ ತಲೆ ತಗ್ಗಿಸಿಕೊಂಡು ಮ್ಯಾನೇಜರ್ ಹೇಳಿದ್ದನ್ನೆಲ್ಲ ಹೇಳಿದರು. ನಾನು ಅಕ್ಕನ ಮುಖವನ್ನೇ ನೋಡುತ್ತಿದ್ದೆ. ಈಗ ಸಿಟ್ಟು ಬರುತ್ತದೆ, ಈಗ ಬರುತ್ತದೆ ಎಂದು ಕಾದೆ.

"ಇಷ್ಟೇ ಏನು?" ಎಂದರು ಭಾವ. ಅವರಿಗೆ ದೊಡ್ಡದೊಂದು ಭಾರ ಇಳಿದಿತ್ತು, ಕಣ್ಣಲ್ಲೇ ಕಾಣುತ್ತಿತ್ತು. ಒಳಗಿನಿಂದ ಅಂಗಡಿಯ ಲೆಟರ್ ಪ್ಯಾಡು ತಂದು ಸ್ಕೂಟರಿನ ಸೀಟಿನ ಮೇಲಿಟ್ಟು ಬರೆಯತೊಡಗಿದರು. ಒಂದು ಸಾಲು ಬರೆದು ಪೆನ್ನು ನಿಲ್ಲಿಸಿದರು. ಅವರಿಗೂ ಕೈ ಓಡಲಿಲ್ಲವೆಂದೇ ಕಾಣುತ್ತದೆ. ಆಗ ಕಿಟಕಿಯಿಂದ ಅಕ್ಕ ಹೇಳಿದಳು:

"ಸಂಬಂಧಿಕರಲ್ಲ ಅಂತ ಬಿಡಿಸಿ ಬರೀರಿ. ಇಲ್ಲಂದ್ರ ಮತ್ತ ವಾಪಸ್ ಕಳಸ್ತಾರ."

ಎಲ್ಲಿಗೆ ವಾಪಸ್ಸು? ಅವಳ ಮನೆಗೆ. ಅದು ಹೊಳೆಯಲು ನನಗೆ ಕ್ಷಣ ಹಿಡಿಯಿತು. ಹೊಳೆದ ಮೇಲೆ ಗೇಟಿನ ಸರಳು ಹಿಡಿದುಕೊಂಡೆ. ಭಾವ ಸೀಲು ಹಾಕಿ, ಕಾಗದವನ್ನು ಸರಳುಗಳ ನಡುವೆ ತೂರಿಸಿದರು. 'ಈ ಪತ್ರ ತಂದವರು ವ್ಯಾಪಾರದಿಂದ ಪರಿಚಯದವರು ಮಾತ್ರ. ಇವರಿಗೂ ನಮ್ಮ ಕುಟುಂಬಕ್ಕೂ ಯಾವ ಸಂಬಂಧವೂ ಇರುವುದಿಲ್ಲ. ಈ ಊರಿನಲ್ಲಿ ಇವರಿಗೆ ಯಾರೂ ಇರುವುದಿಲ್ಲ.' ಅಕ್ಷರ ದುಂಡಗಿದ್ದವು. ಬಾಗಿಲು ತೆಗೆಯದಿದ್ದರೆ ತೆಗೆಯದಿರಲಿ, ಅದನ್ನು ನಾನು ಆಗಲೇ ಒಪ್ಪಿಕೊಂಡಿದ್ದೆ. ಆದರೆ ನನ್ನನ್ನು ಯಾರೂ ಅಲ್ಲ ಎಂದು ಬರೆದುಕೊಡಲು ಇಷ್ಟು ಸಲೀಸಾಯಿತೇ ನಿನಗೆ, ಅಕ್ಕ?

ಕೇಳಲಿಲ್ಲ. ಎದೆಯಲ್ಲಿ ಹಾಲು ಇಳಿದು ಕುಪ್ಪಸ ಒದ್ದೆಯಾಗಿತ್ತು. ಕೂಸು ಕಾಯುತ್ತಿತ್ತು. ಅಲ್ಲಿ ನಿಂತು ಜಗಳ ಮಾಡುವ ಪುರುಸೊತ್ತು ನನಗಿರಲಿಲ್ಲ.

ಮ್ಯಾನೇಜರ್ ಪತ್ರವನ್ನು ಎರಡು ಸಲ ಓದಿ, ಫೋಟೋ ಹೊಡೆದುಕೊಂಡು, ಫೈಲಿಗೆ ಸೇರಿಸಿದ. "ಈಗ ಬರೋಬರಿ ಆತು ನೋಡ್ರಿ," ಎಂದು ಕೀಲಿ ಕೊಟ್ಟ. ಅವನೇನು ಕೆಟ್ಟವನಲ್ಲ. ನನ್ನ ಮುಖ ನೋಡಿಯೋ ಏನೋ, ಕೇಳದೆಯೇ ಬಿಸಿನೀರಿನ ವ್ಯವಸ್ಥೆ ಮಾಡಿಸಿದ, ಮೆಟ್ಟಿಲು ಹತ್ತಬಾರದೆಂದು ಕೆಳಗಿನ ರೂಮನ್ನೇ ಕೊಟ್ಟ.

ಹತ್ತೊಂಬತ್ತು ದಿನ ಆ ರೂಮಿನಲ್ಲಿದ್ದೆವು. ಮೂರು ತಾಸಿಗೊಮ್ಮೆ ನಡೆದು ಹೋಗಿ, ಹಾಲು ಹಿಂಡಿಕೊಟ್ಟು, ಗಾಜಿನಾಚೆಯಿಂದ ಕೂಸನ್ನು ನೋಡಿ ಬರುತ್ತಿದ್ದೆ. ಎರಡು ದಿನ ಆಯಿತು, ನಾಲ್ಕಾಯಿತು, ಅಕ್ಕ ಕರೆಯಲು ಬರಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯ ಹಮಾಲನ ಕೈಯಲ್ಲಿ ಬುತ್ತಿ ಕಳಿಸಿದ್ದಳು. ಎಳೆಯ ಮೆಂತ್ಯದ ಪಲ್ಯ, ಮೆತ್ತನೆಯ ಜೋಳದ ರೊಟ್ಟಿ, ಬಾಣಂತಿಗೆಂದು ಒಣಕೊಬ್ಬರಿಯ ಉಂಡಿ. ವಾಪಸ್ಸು ಕಳಿಸಬೇಕೆಂದು ಕೈ ತುರಿಸಿತು. ಆದರೆ ವಿಪರೀತ ಹಸಿದಿದ್ದೆ, ಎಲ್ಲವನ್ನೂ ತಿಂದೆ. ತಿಂದ ಮೇಲೆ ನನ್ನ ಮೇಲೆಯೇ ಸಿಟ್ಟು ಬಂದು ಅತ್ತುಬಿಟ್ಟೆ. ಬಾಣಂತಿ ಅಳಬಾರದು ಎಂದು ಗಂಡ ರಮಿಸಿದರು.

ಕೂಸು ಉಳಿಯಿತು. ಮನೆಗೆ ಕರೆದುಕೊಂಡು ಬಂದೆವು. ನಿರ್ಬಂಧಗಳೆಲ್ಲ ಸಡಿಲಾದ ಮೇಲೆ ಲಿಂಗಸುಗೂರಿನ ಮನೆಯಲ್ಲಿ ತೊಟ್ಟಿಲ ಕಾರ್ಯ ಇಟ್ಟುಕೊಂಡೆವು. ಅಕ್ಕ ಬೆಳಿಗ್ಗೆಯೇ ಬಂದಳು, ಬೆಳ್ಳಿಯ ಕಾಲುಕಡಗ ತಂದಿದ್ದಳು. ಪತ್ರದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮನಸ್ಸಿನಲ್ಲೆಲ್ಲೋ ಅವಳು ನನ್ನನ್ನು ಅಡುಗೆಮನೆಗೆ ಕರೆದು, "ಅವತ್ತು ನನಗ ಅಂಜಿಕಿ ಆಗಿತ್ತು ಬೇ," ಎಂದು ಒಂದು ಮಾತು ಹೇಳಿದರೆ ಸಾಕು, ಎಲ್ಲ ಮರೆತುಬಿಡೋಣ ಎಂದುಕೊಂಡಿದ್ದೆ.

ಹೆಂಗಸರು ತೊಟ್ಟಿಲ ಸುತ್ತ ಸೇರಿದರು. ಮಾತಿಗೆ ಮಾತು ಬಂದು ಅಕ್ಕ ಜೋರಾಗಿಯೇ ಹೇಳಿದಳು: "ಈಕಿಗೆ ಆ ಊರಾಗ ಯಾರೂ ರೂಮ್ ಕೊಡವಲ್ರು. ನಮ್ಮವರು ಬರಕೊಟ್ಟ ಮ್ಯಾಲೆ ಸಿಕ್ತು. ಇಲ್ಲಂದ್ರ ಈ ಕೂಸು ಎಲ್ಲಿತ್ತು?"

ಸುಳ್ಳಲ್ಲ. ಅದೇ ನನ್ನನ್ನು ಸುಟ್ಟಿತು.

"ಹೌದೇನವಾ? ಏನಂತ ಬರಕೊಟ್ರು?" ಓಣಿಯ ಮುದುಕಿಯೊಬ್ಬಳು ಕೇಳಿದಳು.

ಅಕ್ಕ ನನ್ನ ಕಡೆ ನೋಡಲಿಲ್ಲ. ತೊಟ್ಟಿಲ ಹೂವು ಸರಿಮಾಡುತ್ತ, "ಏನಂತ ಬರೀತಾರಬೇ ಯವ್ವ, ನಮ್ಮ ತಂಗಿ ಅಂತ," ಎಂದಳು.

ಅಷ್ಟರಲ್ಲಿ ಕೂಸನ್ನು ತೊಟ್ಟಿಲ ಕೆಳಗಿನಿಂದ ದಾಟಿಸುವ ಹೊತ್ತಾಯಿತು. ಕೂಸನ್ನು ಮೊದಲು ದೊಡ್ಡವ್ವ ಇಸಿದುಕೊಳ್ಳಬೇಕು, ನಮ್ಮಲ್ಲಿ ಹಾಗೆ. ಅಕ್ಕ ಸೆರಗು ಸಿಕ್ಕಿಸಿಕೊಂಡು, ತೊಟ್ಟಿಲ ಆ ಕಡೆ ಕುಳಿತು, ಎರಡೂ ಕೈ ಚಾಚಿದಳು. ನಾನು ಅವಳ ಕೈಗಳನ್ನು ನೋಡಿದೆ, ಆಮೇಲೆ ಮುಖವನ್ನೂ ನೋಡಿದೆ. ಕೂಸನ್ನು ಎತ್ತಿ, ಪಕ್ಕದಲ್ಲಿ ಕುಳಿತಿದ್ದ ನಮ್ಮ ಬಾಡಿಗೆ ಮನೆಯ ಒಡತಿಯ ಕೈಗೆ ಕೊಟ್ಟೆ.