ಗೌರಾಬಾಯಿಯ ಸೋಮವಾರಗಳು

ಗೌರಾಬಾಯಿ ಯಾವುದನ್ನು ಕಂಡರೂ ಮೊದಲು ಹೆಬ್ಬೆರಳಿನ ಉಗುರು ಒತ್ತಿ ನೋಡುತ್ತಿದ್ದರು. ರಬ್ಬರ್ ಬಿರಡೆ, ಸಾಬೂನು, ಕ್ಯಾಂಟೀನಿನ ಬ್ರೆಡ್ಡು, ಪ್ರಾಂಶುಪಾಲರ ಹೊಸ ಮೇಜಿನ ಪಾಲಿಶ್ ಕೂಡ. ಗುರುತು ಬಿತ್ತೋ ಇಲ್ಲವೋ ಎಂದು ಬೆಳಕಿಗೆ ಬಾಗಿ ನೋಡಿ, ಆಮೇಲೆ ಮಾತು. ಗಡಿಯಾಚೆ, ಮಹಾರಾಷ್ಟ್ರದ ಉದಗೀರದ ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಅವರು ಬಾಟಲಿ ತೊಳೆಯಲು ಸೇರಿದವರು. ಓದಿದ್ದು ತಮ್ಮ ಊರು ಗುಂಜೋಟಿಯಲ್ಲಿ, ಹತ್ತರವರೆಗೆ. ನಾನು ಭೌತಶಾಸ್ತ್ರ ಕಲಿಸಲು ಬರುವ ಹೊತ್ತಿಗೆ ಇಡೀ ಪ್ರಯೋಗಾಲಯ ಅವರ ಮಾತಿನಂತೆ ನಡೆಯುತ್ತಿತ್ತು. ಹುಡುಗರೊಡನೆ ಮರಾಠಿ, ನನ್ನೊಡನೆ ಕನ್ನಡ.

ಆಗ ನಾನು ನಿಲಂಗಾ ರಸ್ತೆಯ ತಗಡಿನ ಶೆಡ್ಡಿನಲ್ಲಿ ಇಬ್ಬರು ಕೂರುವ ಸಣ್ಣ ವಿಮಾನವೊಂದನ್ನು ಕೈಯಾರೆ ಕಟ್ಟುತ್ತಿದ್ದೆ. ಗಾಜಿನ ನಾರಿನ ಬಟ್ಟೆಗೆ ರಾಳ, ಅಂದರೆ ರೆಸಿನ್, ಸವರಿ, ಪದರದ ಮೇಲೆ ಪದರ ಕೂಡಿಸಿ ಮಾಡಿದ ರೆಕ್ಕೆ. ಇಂಧನದ ಟಾಕಿಯೂ ಅದೇ ರಾಳದ್ದು, ರೆಕ್ಕೆಯ ಹೊಟ್ಟೆಯೊಳಗೆ. ಆರು ವರ್ಷದ ಕೆಲಸ ಮುಗಿಯುತ್ತ ಬಂದಿತ್ತು. ವಿಮಾನದ ಪೆಟ್ರೋಲು ನಮ್ಮ ಕಡೆ ಸಿಗುವುದಿಲ್ಲ. ಮೋಟಾರಿನ ಪೆಟ್ರೋಲೂ ನಡೆಯುತ್ತದೆ ಎಂದು ಎಂಜಿನ್ ಮಾಡಿದವರೇ ಬರೆದಿದ್ದರು. ಇದನ್ನು ನಾನು ಸಂತೋಷದಿಂದ ಹೇಳಿದಾಗ ಗೌರಾಬಾಯಿ, "ಒಂದು ಬಾಟ್ಲಿ ತರ್ರಿ ಸರ್, ನೋಡಮು" ಎಂದರು.

ಅಳತೆಯ ಗಾಜಿನಲ್ಲಿ ಹತ್ತನೆಯ ಗೆರೆಯವರೆಗೆ ನೀರು ಹಾಕಿ, ಅದರ ಮೇಲೆ ಬಂಕಿನ ಪೆಟ್ರೋಲು ಸುರಿದು, ಬಿರಡೆ ಬಿಗಿದು ಅಲುಗಾಡಿಸಿ ಮೇಜಿನ ಮೇಲಿಟ್ಟರು. ಎರಡೂ ಬೇರೆಯಾದಾಗ ತಳದ ನೀರು ಹತ್ತರ ಗೆರೆಯನ್ನು ದಾಟಿ ಎಷ್ಟೋ ಮೇಲೆ ನಿಂತಿತ್ತು.

"ನೀರು ಹೆಚ್ಚಾಗಿಲ್ರಿ. ಪೆಟ್ರೋಲ್‌ದಾಗ ಕಬ್ಬಿನ ಸ್ಪಿರಿಟ್ ಕಲಸ್ಯಾರ, ಅದು ಇಳಿದು ನೀರು ಸೇರ್ಯದ. ಎಂಜಿನ್ ಇದನ್ನ ಕುಡೀತದ, ಮಾನ್ಯ. ಟಾಕಿನೂ ಕುಡಿದ್ರ ಹ್ಯಾಂಗ?"

ಟಾಕಿಗೆ ಬಳಸಿದ ರಾಳದ್ದೇ ಒಂದು ತುಂಡು ಬೇಡಿ ಪಡೆದರು. ತೂಗಿ, ಪೆಟ್ರೋಲಿನ ಬಾಟಲಿಯಲ್ಲಿ ಮುಳುಗಿಸಿ ಬಿಗಿಯಾಗಿ ಮುಚ್ಚಿಟ್ಟರು. ಪ್ರತಿ ಸೋಮವಾರ ಹೊರತೆಗೆದು, ಒರೆಸಿ, ತೂಗಿ, ಮತ್ತೆ ಮುಳುಗಿಸುತ್ತಿದ್ದರು. ಆರನೆಯ ಸೋಮವಾರ ನನ್ನನ್ನು ಕರೆಸಿದರು. ಪೆಟ್ರೋಲು ಹಳದಿಗೆ ತಿರುಗಿತ್ತು, ತುಂಡಿನ ತೂಕ ಏರಿತ್ತು. ಟಾಕಿಯೊಳಗೆ ಸೋರದಂತೆ ಬಳಿದ ಹಾಗೆಯೇ ತುಂಡಿಗೂ ಬಳಿದಿದ್ದ ಲೇಪ ಹಾಲಿನ ಕೆನೆಯಂತೆ ಎದ್ದಿತ್ತು. ಗೌರಾಬಾಯಿ ಉಗುರು ಒತ್ತಿದರು. ಉಗುರು ಒಳಗಿಳಿಯಿತು.

ನಾನು ವಾದಕ್ಕಿಳಿದೆ. ನೀರಿನಿಂದ ತೊಳೆದು ಸ್ಪಿರಿಟ್ ತೆಗೆದುಬಿಟ್ಟರೆ ಆಯಿತಲ್ಲ ಎಂದೆ.

"ತೊಳೆದ್ರ ಪೆಟ್ರೋಲ್‌ದ ಜೋರ್ ಹೋಗ್ತದ, ನೀರಿನ ಅಂಶ ಉಳೀತದ. ಮ್ಯಾಲ ಹೋದಾಗ ಎಂಜಿನ್‌ಗೆ ಹೋಗಬ್ಯಾಡ ಅಂತ ಆ ನೀರಿಗೆ ಹೇಳವ್ರು ಯಾರು?" ತುಂಡನ್ನು ನನ್ನ ಅಂಗೈಗೆ ಹಾಕಿ, "ನಿಮ್ಮಕಿಂತ ಮೊದ್ಲ ಈ ತುಕಡಿ ಸತ್ತದ. ಚಲೋನೇ ಆಯ್ತಲ್ರಿ" ಎಂದರು.

ಹನ್ನೆರಡು ದಿನ ನಾನು ಅವರೊಡನೆ ಮಾತು ಬಿಟ್ಟೆ. ಟಾಕಿ ಬದಲಿಸಲು ಆರು ವರ್ಷದ ರೆಕ್ಕೆಯನ್ನು ಕೊಯ್ಯಬೇಕೆಂದು ಬಾಟಲಿ ತೊಳೆಯುವಾಕೆ ಹೇಳುವುದೇ ಎಂಬ ಸಣ್ಣತನವೂ ಇತ್ತು, ಮುಚ್ಚಿಡುವುದೇಕೆ. ಹದಿಮೂರನೆಯ ದಿನ, ಭಾನುವಾರ, ಅವರು ತಾವಾಗಿಯೇ ಶೆಡ್ಡಿಗೆ ಬಂದರು. ಸೆರಗು ಸಿಕ್ಕಿಸಿ ರೆಕ್ಕೆಯ ತುದಿಯನ್ನು ಎರಡೂ ಕೈಯಿಂದ ಹಿಡಿದು, "ಕೊಯ್ರಿ, ನಾ ಹಿಡೀತೀನಿ" ಎಂದರು. ನಾನು ಗರಗಸ ಹಚ್ಚಿದೆ. ಮುಗಿಯುವವರೆಗೂ ಅವರ ಕೈ ಅಲುಗಲಿಲ್ಲ. ನನ್ನ ಕಣ್ಣಲ್ಲಿ ನೀರಿತ್ತು.

ಆಮ್ಲ ತುಂಬುವ ದೊಡ್ಡ ಟಾಕಿಗಳಿಗೆ ಬಳಸುವ ಬೇರೆ ಬಗೆಯ ರಾಳವೊಂದಿದೆ ಎಂದು ಹಳೆಯ ಪುಸ್ತಕಗಳಲ್ಲಿ ಹುಡುಕಿ ಹೇಳಿದ್ದೂ ಅವರೇ. ಅದನ್ನು ತರಿಸಿದೆ. ಅದರದೊಂದು ತುಂಡು ಮತ್ತೆ ಬಾಟಲಿಗೆ ಇಳಿಯಿತು. "ಒಂದು ಉನ್ಹಾಳಿ, ಒಂದು ಮಳಿಗಾಲ, ಒಂದು ಥಂಡಿ. ಮೂರೂ ನೋಡ್ಲಿ" ಎಂದರು. ಒಂದು ವರ್ಷದ ಸೋಮವಾರಗಳು. ಕಾಲೇಜಿಗೆ ರಜೆ ಇದ್ದಾಗಲೂ ಗುಂಜೋಟಿಯಿಂದ ಬಸ್ಸು ಹಿಡಿದು ಬಂದು ತೂಗುತ್ತಿದ್ದರು. ಆ ತುಂಡಿನ ತೂಕ ಬೆಳೆಯಲಿಲ್ಲ, ಉಗುರಿಗೆ ಬಗ್ಗಲಿಲ್ಲ. ಆಮೇಲೆ ಆ ರಾಳದಿಂದಲೇ ಹೊಸ ಟಾಕಿ ಕಟ್ಟಿ ರೆಕ್ಕೆ ಕೂಡಿಸಿದೆ. ಆ ತೂಗುವುದು ಅವರ ಕೆಲಸವಾಗಿರಲಿಲ್ಲ. ಹಾಗೆ ದುಡಿಯುವ ಮನಸ್ಸು ಎಂಥದೆಂದು ಈಗಲೂ ನನಗೆ ಬೆರಗು.

ಅನುಮತಿಯ ಕಾಗದಗಳೆಲ್ಲ ಬಂದು ನಾನು ಮೊದಲ ಸಲ ಹಾರಿ ಇಳಿದಾಗ ಅವರು ನನ್ನ ಮುಖ ನೋಡಲಿಲ್ಲ. ರೆಕ್ಕೆಯ ಕೆಳಗೆ ಕೂತು, ಟಾಕಿಯ ತಳದಿಂದ ಒಂದಿಷ್ಟು ಪೆಟ್ರೋಲು ಗಾಜಿಗೆ ಇಳಿಸಿ, ಸೂರ್ಯನಿಗೆ ಹಿಡಿದು ನೋಡಿದರು. "ಸ್ವಚ್ಛ ಅದ," ಎಂದರು. ಆಮೇಲೆ, "ನೀವು ಆರಾಮ ಇದ್ದೀರಲ್ರಿ?"

ಪರೀಕ್ಷೆಯ ಹಾರಾಟಗಳು ಮುಗಿದ ಮೇಲೆ ಒಂದು ಮುಂಜಾನೆ ಅವರನ್ನು ಕೂರಿಸಿಕೊಂಡೆ. ಏನೇನು ಕೆಡಬಹುದೆಂದು ನನಗಿಂತ ಚೆನ್ನಾಗಿ ಬಲ್ಲವರು ಚಪ್ಪಲಿ ಕಳಚಿಟ್ಟು, ಸದ್ದಿಲ್ಲದೆ ಹತ್ತಿ ಕೂತರು. ಹೊರಟಾಗಿನಿಂದ ಅವರ ಎಡ ಅಂಗೈ ರೆಕ್ಕೆಯ ಬುಡದ ಟಾಕಿಯ ಗೋಡೆಯ ಮೇಲೆಯೇ ಇತ್ತು. ಉದಗೀರದ ಕೋಟೆ ಕೆಳಗೆ ಕಾಣಿಸಿದಾಗ, "ಹೊರಗ ನೋಡ್ರಿ ಬಾಯಿ" ಎಂದೆ. ನೋಡಿದರು. ಕೋಟೆ ಹಿಂದೆ ಸರಿಯುವವರೆಗೂ ಕಣ್ಣು ತೆಗೆಯಲಿಲ್ಲ. ಕೊನೆಗೆ, "ಇಷ್ಟು ಬೆಳಕು ಎಲ್ಲಿತ್ರೀ?" ಎಂದರು. ಇಳಿದ ಮೇಲೆ ಊರಿನ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ನಾನು ಅವರನ್ನು ಕೊನೆಯ ಸಲ ಕಂಡದ್ದು ಆಗಲೇ.

ಅದಾದ ವಾರದಲ್ಲೇ, ಕಳೆದ ಚಳಿಗಾಲ, ನಾನು ಕಾಲೇಜು ಪರೀಕ್ಷೆಯ ಕೆಲಸಕ್ಕೆ ಬೇರೆ ಊರಲ್ಲಿದ್ದಾಗ, ಎದೆನೋವಿನಿಂದ ತೀರಿಕೊಂಡರು. ಸುದ್ದಿ ತಿಳಿದು ಗುಂಜೋಟಿಗೆ ಹೋದೆ. ಅವರ ತಮ್ಮ ಶರಣಪ್ಪ ಚಾಪೆ ಹಾಸಿ, ಚಹಾ ಕೊಟ್ಟು, ಏನೋ ಕೇಳಲು ಹಿಂದೆಮುಂದೆ ನೋಡುತ್ತಿದ್ದ.

"ಸರ್, ಅಕ್ಕ ಒಂದು ಮಾತು ಹೇಳಿದ್ಲು. ನಾವ್ಯಾರೂ ನಂಬಿಲ್ಲ, ನಕ್ಕೀವಿ. ವಿಮಾನದಾಗ ಕೂತಿದ್ದೆ ಅಂದ್ಲು. ಖರೇ ಏನ್ರೀ?"

"ಖರೇ. ಆಕಿ ಇಲ್ಲದಿದ್ರ ನಾ ಮ್ಯಾಲ ಹೋದವ ತಿರುಗಿ ಬರ್ತಿರಲಿಲ್ಲ," ಎಂದೆ.

ಶರಣಪ್ಪ ಎದ್ದು ಒಳಗೆ ಹೋದ. ಅಡುಗೆಮನೆಯಲ್ಲಿ ಹೆಂಡತಿಗೆ ಮೆಲ್ಲಗೆ ಹೇಳುವುದು ಕೇಳಿಸಿತು: "ಅಕ್ಕ ಹೋಗಿದ್ಲಂತ. ಖರೇನೇ ಹೋಗಿದ್ಲಂತ."