ನಕ್ಷೆಯ ಮೇಲೆ ನಮ್ಮ ಮನೆ

ಸಿ.ವಿ. ರಾಮನ್ ನಗರದ ನಮ್ಮ ಮನೆಯಲ್ಲಿ ಭಾನುವಾರದ ತಿಂಡಿ ಮುಗಿದ ಮೇಲೆ ನನ್ನ ಗಂಡ ವಾರದ ಬಟ್ಟೆಗಳಿಗೆ ಇಸ್ತ್ರಿ ಹಾಕಲು ನಿಲ್ಲುತ್ತಿದ್ದರು, ನಾನು ಕಂಪ್ಯೂಟರಿನ ಮುಂದೆ ಯುದ್ಧ ಕಟ್ಟಲು ಕೂರುತ್ತಿದ್ದೆ. ಕೇಳಿದವರು ನಗುತ್ತಾರೆ. ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಕೆಲಸ ಮಾಡುವ, ಐವತ್ತು ಸಮೀಪಿಸಿದ ಹೆಂಗಸಿಗೆ ಇದೇನು ಹುಚ್ಚು ಎಂದು ನಮ್ಮ ಜೊತೆಗೇ ಇರುವ ಅತ್ತೆಯೂ ಎಷ್ಟೋ ಸಲ ಕೇಳಿದ್ದಾರೆ. ನನಗೆ ಅದು ಆಫೀಸಿನ ಕೆಲಸದ ಮುಂದುವರಿಕೆಯಂತೆಯೇ ಇತ್ತು. ಅಪಘಾತ ಹೇಗಾಯಿತು, ಯಾರು ಯಾವ ಕಡೆಯಿಂದ ಬಂದರು, ಯಾರಿಗೆ ಏನು ಕಾಣಿಸುತ್ತಿರಲಿಲ್ಲ ಎಂದು ದಿನವಿಡೀ ಕೇಳುವವಳು ನಾನು. ಯುದ್ಧದ ಬಗ್ಗೆಯೂ ಅದನ್ನೇ ಕೇಳುತ್ತಿದ್ದೆ.

ಅದು ಗುಂಡು ಹಾರಿಸುವ ಆಟವಲ್ಲ. ಪರದೆಯ ತುಂಬ ಜೇನುಗೂಡಿನಂತೆ ಆರು ಮೂಲೆಯ ಕಣಗಳು. ಒಂದು ಕಣ ಕಾಡು, ಒಂದು ಗದ್ದೆ, ಒಂದು ನದಿ. ಅವುಗಳ ಮೇಲೆ ಚಿಕ್ಕ ಚೌಕದ ಬಿಲ್ಲೆಗಳು, ಒಂದೊಂದು ಬಿಲ್ಲೆಯೂ ಒಂದೊಂದು ಸೇನಾ ತುಕಡಿ. ಚದುರಂಗದಂತೆ ಸರದಿಯ ಮೇಲೆ ನಡೆಸಬೇಕು. ಆಟದೊಂದಿಗೆ ಬಂದ ಕಾಳಗಗಳೆಲ್ಲ ಮುಗಿದ ಮೇಲೆ ನಮ್ಮದೇ ನಕ್ಷೆ ಬರೆದು, ನಮ್ಮದೇ ತುಕಡಿಗಳನ್ನಿಟ್ಟು ಹೊಸ ಕಾಳಗ ಕಟ್ಟಬಹುದು. ಅದಕ್ಕೆ ಸಿನಾರಿಯೊ ಎನ್ನುತ್ತಾರೆ. ನಾನು ಆಗ ಕಟ್ಟುತ್ತಿದ್ದದ್ದು ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆಯ ನದಿ ದಾಟುವ ಒಂದು ಸನ್ನಿವೇಶ.

ಕಟ್ಟಿದವರಿಗೆ ತಮ್ಮ ತಪ್ಪು ಕಾಣುವುದಿಲ್ಲ, ಬೇರೆಯವರು ಆಡಿ ನೋಡಬೇಕು. ಈ ಆಟದವರೆಲ್ಲ ಸೇರುವ ಇಂಟರ್ನೆಟ್ ತಾಣದಲ್ಲಿ ನನಗೆ ಹಾಗೆ ಸಿಕ್ಕಿದವನು ಒಬ್ಬ. ತನ್ನ ಮುಖದ ಬದಲು ಹಳೆಯ ಟೀ ಕೆಟಲ್ಲಿನ ಚಿತ್ರ ಹಾಕಿಕೊಂಡಿದ್ದ. ಮನೆಯಲ್ಲಿ ನಾನು ಅವನನ್ನು ಕೆಟಲ್ ಎಂದೇ ಕರೆಯುತ್ತಿದ್ದೆ. ಶಾಲೆಯ ಮೇಷ್ಟರಂತೆ, ಇಬ್ಬರು ಹೆಣ್ಣುಮಕ್ಕಳಂತೆ. ಚೊಕ್ಕ ಇಂಗ್ಲಿಷ್ ಬರೆಯುತ್ತಿದ್ದ. ಕೆಟಲ್ಲು, ಇಂಗ್ಲಿಷು ಎರಡನ್ನೂ ಸೇರಿಸಿ ಇವನು ಇಂಗ್ಲೆಂಡಿನವನಿರಬೇಕು ಎಂದುಕೊಂಡೆ, ಕೇಳಲಿಲ್ಲ. ನನ್ನ ಸಿನಾರಿಯೊದಲ್ಲಿ ಜಪಾನಿಯರಿಗೆ ಅಕ್ಕಿ ಖಾಲಿಯಾಗುವುದೇ ಇಲ್ಲ, ಅದು ತಪ್ಪು ಎಂದು ಮೊದಲು ಕಂಡುಹಿಡಿದದ್ದು ಅವನೇ. ಸಾಮಾನು ಹೊರುವ ಹೇಸರಗತ್ತೆಗಳ ತುಕಡಿಯನ್ನು ಸೇರಿಸು ಎಂದು ಹಟ ಹಿಡಿದದ್ದೂ ಅವನೇ.

ಒಂದು ಸಲ ಅವನು ತಾನೂ ಒಂದು ಸಿನಾರಿಯೊ ಕಟ್ಟಲು ಹೊರಟು, ರೈಲು ಹಳಿ ಸೇತುವೆಯ ಮೇಲೆ ಜೋಡಿಕೊಳ್ಳುತ್ತಿಲ್ಲ, ಹೇಗೆ ಮಾಡುವುದು ಎಂದು ಕೇಳಿದ. ಮಾತಿನಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದು ಸುಲಭವೆಂದು ನನಗೆ ಕಣ್ಣು ಮುಚ್ಚಿದರೂ ಗೊತ್ತಿರುವ ಜಾಗವನ್ನೇ ನಕ್ಷೆ ಮಾಡಿದೆ. ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಕೆ.ಆರ್. ಪುರದವರೆಗೆ ಹಳಿ, ಹಲಸೂರು ಕೆರೆ, ಶಿವಾಜಿನಗರದ ಮಾರ್ಕೆಟ್ಟು. ಸುಮ್ಮನೆ ನಕ್ಷೆ ಏಕೆ ಎಂದು ತಮಾಷೆಗೆ ಬಿಲ್ಲೆಗಳನ್ನೂ ಇಟ್ಟೆ. ನಮ್ಮ ಮನೆ ಹೆಡ್‌ಕ್ವಾರ್ಟರ್ಸ್, ಅತ್ತೆ ಜನರಲ್. ಪ್ರತಿ ಸೈನ್ಯಕ್ಕೂ ಸರಬರಾಜು ಬರುವ ಜಾಗವೊಂದು ಬೇಕು. ನಮ್ಮ ಮನೆಗೆ ಸಂಬಳ ಎಲ್ಲಿಂದ ಬರುತ್ತದೋ ಅದೇ ಸರಬರಾಜು ಎಂದುಕೊಂಡು ನನ್ನ ಗಂಡನ ಆಫೀಸು ಇರುವ ಕಣದ ಮೇಲೆ ಅದರ ಗುರುತನ್ನಿಟ್ಟೆ. ಆ ಆಟದಲ್ಲಿ ಸರಬರಾಜಿಗೆ ಇರುವ ಗುರುತು ಮದ್ದುಗುಂಡಿನ ಪೆಟ್ಟಿಗೆ.

ನನ್ನ ಗಂಡ ರಕ್ಷಣಾ ಸಂಶೋಧನೆಯ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಾರೆ. ಏನು ಕೆಲಸ ಎಂದು ನಾನು ಕೇಳುವುದಿಲ್ಲ, ಅವರು ಹೇಳುವುದೂ ಇಲ್ಲ. ಆ ನಕ್ಷೆಯನ್ನು ಕಳಿಸುವಾಗ ಅದು ಹೊಳೆಯಲೂ ಇಲ್ಲ. ಜನರಲ್ ಅವರನ್ನು ಸೋಲಿಸಲು ತನ್ನಿಂದಾಗಲಿಲ್ಲ ಎಂದು ಕೆಟಲ್ ನಗುತ್ತ ಬರೆದ. ಅತ್ತೆಗೆ ಓದಿ ಹೇಳಿದೆ. ಅವರಿಗೂ ಖುಷಿಯಾಯಿತು.

ಅದಾಗಿ ಕೆಲವು ತಿಂಗಳಿಗೆ ಗಡಿಯಲ್ಲಿ ನಿಜವಾದ ಗುಂಡಿನ ಸದ್ದು ಶುರುವಾಯಿತು. ಟಿವಿಯಲ್ಲಿ ದಿನವಿಡೀ ಕೂಗಾಟ. ಅಂಥ ಒಂದು ದಿನ ನಾನು ಕಮರ್ಷಿಯಲ್ ಸ್ಟ್ರೀಟಿನ ಒಂದು ಅಂಗಡಿಯಲ್ಲಿ ಬ್ಲೌಸ್ ಬಟ್ಟೆ ನೋಡುತ್ತಿದ್ದೆ. ಅಂಗಡಿಯ ಗೋಡೆಗೆ ಹಾಕಿದ್ದ ಟಿವಿಯಲ್ಲಿ ಗಡಿಯಾಚೆಯ ಊರುಗಳ ಹೆಸರುಗಳು ಒಂದರ ಹಿಂದೆ ಒಂದು ಓಡುತ್ತಿದ್ದವು. ಫೋನು ಸದ್ದು ಮಾಡಿತು. ಕೆಟಲ್ ಬರೆದಿದ್ದ: ನಮ್ಮ ಊರಲ್ಲಿ ಶಾಲೆಗಳನ್ನು ಮುಚ್ಚಿದ್ದಾರೆ, ರಾತ್ರಿ ದೀಪ ಹಾಕುವ ಹಾಗಿಲ್ಲ, ಮಕ್ಕಳು ಹೆದರಿದ್ದಾರೆ, ಈ ವಾರ ನಿಮ್ಮ ಸಿನಾರಿಯೊ ಆಡಿ ನೋಡಲು ಆಗುವುದಿಲ್ಲ, ಕ್ಷಮಿಸಿ. ಜೊತೆಗೆ ಊರಿನ ಹೆಸರೂ ಇತ್ತು. ತಲೆ ಎತ್ತಿದರೆ ಅದೇ ಹೆಸರು ಟಿವಿಯಲ್ಲಿ ದೊಡ್ಡ ಕೆಂಪು ಅಕ್ಷರದಲ್ಲಿ ನಿಂತಿತ್ತು.

ಕೈಯಲ್ಲಿದ್ದ ಬಟ್ಟೆ ಜಾರಿತು. ಅಂಗಡಿಯ ಯಜಮಾನರು, ಬಿಳಿ ಟೋಪಿಯ ವಯಸ್ಸಾದವರು, ಬಗ್ಗಿ ಎತ್ತಿಕೊಂಡರು.

“ಏನ್ ಆಯ್ತು ಮೇಡಂ? ತಲೆ ಸುತ್ತು ಬಂತಾ?”

“ಏನಿಲ್ಲ.”

“ಈ ಟಿವಿ ನೋಡಿದ್ರೆ ನಮ್ಗೂ ಹಂಗೇ ಆಗ್ತದೆ,” ಎಂದು ಅವರು ಅದನ್ನು ಆರಿಸಿಬಿಟ್ಟರು. ಅವರ ಮುಖದಲ್ಲೂ ಒಂದು ಹೆದರಿಕೆ ಇತ್ತು. ಅದು ಬೇರೆಯದು, ನನ್ನದಕ್ಕಿಂತ ಹಳೆಯದು. ಬಟ್ಟೆ ತೆಗೆದುಕೊಳ್ಳದೆಯೇ ಹೊರಗೆ ಬಂದೆ.

ಶಿವಾಜಿನಗರದ ಬಸ್ ಸ್ಟ್ಯಾಂಡಿನವರೆಗೆ ಆ ಜನಜಂಗುಳಿಯಲ್ಲಿ ಹೇಗೆ ನಡೆದೆನೋ ನೆನಪಿಲ್ಲ. ಮೊದಲು ಅವನ ಮಕ್ಕಳಿಗೇನಾದರೂ ಆದರೆ ಅನ್ನಿಸಿತು. ಅದರ ಹಿಂದೆಯೇ ಮದ್ದುಗುಂಡಿನ ಪೆಟ್ಟಿಗೆ ಕಣ್ಣ ಮುಂದೆ ಬಂತು. ಬಸ್ಸಿನಲ್ಲಿ ಪಕ್ಕದವರಿಗೆ ಕಾಣದಂತೆ ಫೋನನ್ನು ಸೆರಗಿನೊಳಗೆ ಇಟ್ಟುಕೊಂಡೆ, ಅದು ಯಾರದೋ ಕದ್ದ ಸಾಮಾನು ಎಂಬಂತೆ.

ಆ ದಿನಗಳಲ್ಲಿ ಗಡಿಯಾಚೆಗೆ ಫೋಟೋ ಕಳಿಸಿದರೆಂದು ಅಲ್ಲಿ ಇಲ್ಲಿ ಜನರನ್ನು ಹಿಡಿದ ಸುದ್ದಿಗಳು ಬರುತ್ತಿದ್ದವು. ಮುಖಕ್ಕೆ ಬಟ್ಟೆ ಸುತ್ತಿದವರನ್ನು ಜೀಪಿನಿಂದ ಇಳಿಸುವುದನ್ನು ತೋರಿಸುತ್ತಿದ್ದರು. ಅತ್ತೆ ಸೋಫಾದಲ್ಲಿ ಕೂತು “ಇಂಥೋರ್ನ ಸುಮ್ನೆ ಬಿಡಬಾರ್ದು” ಎನ್ನುತ್ತಿದ್ದರು. ನಾನು ಅಡುಗೆಮನೆಯಲ್ಲಿ ನಿಂತು ಆ ಬಟ್ಟೆಯೊಳಗೆ ಉಸಿರಾಡಲು ಆಗುತ್ತದೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಒಂದು ಬೆಳಿಗ್ಗೆ ಗ್ಯಾಸ್ ಪೈಪು ಪರೀಕ್ಷೆ ಮಾಡುವವನು ಬಂದು ಬಾಗಿಲಲ್ಲಿ ನನ್ನ ಹೆಸರು ಕೂಗಿದ. ಕುಕ್ಕರಿನ ಮುಚ್ಚಳ ಹಿಡಿದುಕೊಂಡೇ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡೆ. ಅತ್ತೆಯೇ ಅವನನ್ನು ಒಳಗೆ ಬಿಟ್ಟು ಕಳಿಸಿದರು.

ಇನ್ನು ಹೇಳದೆ ಇರಲು ಆಗಲಿಲ್ಲ. ಅತ್ತೆಯ ಕಿವಿಗೆ ಬೀಳಬಾರದೆಂದು ಗಂಡನನ್ನು ಸ್ಕೂಟರಿನಲ್ಲಿ ಹಲಸೂರು ಕೆರೆಯ ಹತ್ತಿರ ಕರೆದುಕೊಂಡು ಹೋದೆ. ಸಂಜೆಯ ವಾಕಿಂಗ್‌ನವರು ಓಡಾಡುತ್ತಿದ್ದರು.

“ರೀ, ಒಂದ್ ವಿಷ್ಯ ಹೇಳ್ಬೇಕು. ಕೂಗಾಡ್ಬೇಡಿ.”

“ನಾನ್ಯಾವತ್ತು ಕೂಗಾಡಿದೀನಿ?”

ಹೇಳಿದೆ. ಕೆಟಲ್ ಯಾವ ಊರಿನವನೆಂದು ತಿಳಿದಾಗ ಅವರ ಮುಖ ಬದಲಾಯಿತು. ನಕ್ಷೆಯ ವಿಷಯಕ್ಕೆ ಬಂದಾಗ ಕೆರೆಯ ಕಂಬಿಯನ್ನು ಹಿಡಿದುಕೊಂಡರು.

“ಅದ್ರಲ್ಲಿ ನಮ್ ಆಫೀಸ್ ಇದ್ಯಾ?”

“ಇದೆ.”

“ಹೆಸ್ರು ಬರ್ದಿದೀಯಾ?”

“ಹೆಸ್ರಿಲ್ಲ. ಒಂದು ಚಿತ್ರ ಅಷ್ಟೇ.”

“ಏನ್ ಚಿತ್ರ?”

“ಮದ್ದುಗುಂಡಿನ ಪೆಟ್ಟಿಗೆ.”

“ಸಂಬಳ ಬರೋ ಜಾಗ ಅಂತ ತಮಾಷೆಗೆ ಇಟ್ಟಿದ್ದು ಕಣ್ರೀ,” ಎಂದೆ.

“ಅದನ್ನ ಯಾರ್ ಹತ್ರ ಹೇಳ್ತೀಯ? ಯಾರ್ ನಂಬ್ತಾರೆ?”

“ಎಲ್ಲಾ ಅಳಿಸಿಬಿಡ್ಲಾ?”

“ಮುಟ್ಬೇಡ. ಅಳಿಸಿದ್ರೆ ಯಾಕ್ ಅಳಿಸಿದ್ರಿ ಅಂತಾರೆ. ಅವರಾಗೇ ಕಂಡುಹಿಡಿಯೋ ಮುಂಚೆ ನಾಳೆ ನಾನೇ ಹೋಗಿ ಹೇಳ್ತೀನಿ.” ಆಮೇಲೆ ತಗ್ಗಿದ ದನಿಯಲ್ಲಿ, “ನಂಗೂ ಭಯ ಆಗ್ತಿದೆ ಕಣೇ,” ಎಂದರು. ಮದುವೆಯಾದಾಗಿನಿಂದ ಆ ಮಾತನ್ನು ಅವರ ಬಾಯಲ್ಲಿ ಕೇಳಿರಲಿಲ್ಲ.

ಗಂಡ ಹೋಗಿ ಹೇಳಿದ ಮೇಲೆ ಅವರ ಕಚೇರಿಯವರು ನನ್ನನ್ನು ಲ್ಯಾಪ್‌ಟಾಪ್ ಸಮೇತ ಕರೆಸಿದರು. ಗೇಟಿನ ಪಕ್ಕದ ಕೋಣೆ, ಸೇನೆಯಿಂದ ನಿವೃತ್ತರಾಗಿ ಭದ್ರತೆಯ ಕೆಲಸಕ್ಕೆ ಬಂದಿದ್ದ ಒಬ್ಬ ಅಧಿಕಾರಿ, ಹೇಳಿದ್ದನ್ನೆಲ್ಲ ಟೈಪ್ ಮಾಡಿಕೊಳ್ಳುವ ಒಬ್ಬರು. ನಕ್ಷೆ ತೆಗೆದು ತೋರಿಸಿದೆ. ಅಧಿಕಾರಿ ಕನ್ನಡಕ ಏರಿಸಿಕೊಂಡು ಬಗ್ಗಿದರು.

“ಇಲ್ಲಿ ಹೆಡ್‌ಕ್ವಾರ್ಟರ್ಸ್ ಅಂತಿದೆಯಲ್ಲ ಮೇಡಂ, ಏನಿದು?”

“ನಮ್ಮನೆ ಸರ್.”

“ಈ ಜನರಲ್?”

“ನಮ್ಮತ್ತೆ.”

ಯಾರೂ ನಗಲಿಲ್ಲ. ಟೈಪ್ ಮಾಡುವವರು ಅದನ್ನೂ ಟೈಪ್ ಮಾಡಿಕೊಂಡರು. ತಮಾಷೆಗೆ ಆ ಕೋಣೆಯೊಳಗೆ ಪ್ರವೇಶವಿಲ್ಲ ಎಂದು ಆಗ ಗೊತ್ತಾಯಿತು.

“ಈ ವ್ಯಕ್ತಿನ ನೀವು ನೋಡಿದೀರಾ?”

“ಇಲ್ಲ.”

“ಧ್ವನಿ ಕೇಳಿದೀರಾ?”

“ಇಲ್ಲ ಸರ್. ಬರೀ ಬರೆಯೋದು.”

“ಮತ್ತೆ ಮೇಷ್ಟ್ರು, ಎರಡು ಹೆಣ್ಮಕ್ಕಳು ಅಂತ ಹೇಗೆ ಗೊತ್ತು?”

“ಅವರೇ ಹೇಳಿದ್ದು.”

“ಅವರೇ ಹೇಳಿದ್ದು,” ಎಂದು ಅವರು ನನ್ನ ಮಾತನ್ನೇ ನಿಧಾನವಾಗಿ ತಿರುಗಿ ಹೇಳಿದರು. ಅದರಲ್ಲಿ ಗದರಿಕೆ ಇರಲಿಲ್ಲ. ಗದರಿದ್ದರೇ ಚೆನ್ನಾಗಿತ್ತು. “ರೈಲ್ವೆ ಬಗ್ಗೆ ಮೊದಲು ಕೇಳಿದ್ದು ಯಾರು?”

“ಅವರು.”

ಲ್ಯಾಪ್‌ಟಾಪನ್ನೂ ಫೋನನ್ನೂ ಅಲ್ಲೇ ಇಟ್ಟುಕೊಂಡರು. ನನ್ನ ಗಂಡನನ್ನು ಅವರು ಎಷ್ಟೋ ವರ್ಷ ದುಡಿದ ವಿಭಾಗದಿಂದ ತೆಗೆದು ಸ್ಟೋರ್ಸಿಗೆ ಹಾಕಿದರು. ತಾತ್ಕಾಲಿಕ ಎಂದರು. ಅವರ ಕೊರಳಿನ ಪಾಸು ಹಳೆಯ ವಿಭಾಗದ ಬಾಗಿಲನ್ನು ಇನ್ನು ತೆರೆಯುತ್ತಿರಲಿಲ್ಲ. ಸಂಜೆ ಬೇಗ ಮನೆಗೆ ಬರತೊಡಗಿದರು. ಬಂದು ಟಿವಿ ಹಾಕದೆ ಸುಮ್ಮನೆ ಕೂರುತ್ತಿದ್ದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅತ್ತೆ ಮಾತ್ರ “ಏನಾಗಿದೆ ಇವನ್ಗೆ? ಆಫೀಸಲ್ಲಿ ಏನಾದ್ರೂ ತೊಂದ್ರೆನಾ?” ಎಂದು ನನ್ನನ್ನು ಕೇಳುತ್ತಿದ್ದರು.

ಆ ವಾರಗಳಲ್ಲಿ ಪೊಲೀಸರ ಭಯಕ್ಕಿಂತ ಕೆಟ್ಟದ್ದೊಂದು ನನ್ನೊಳಗೆ ಬೆಳೆಯಿತು. ಕೆಟಲ್ ಬರೆದ ಒಂದೊಂದು ಮಾತನ್ನೂ ನೆನೆಸಿಕೊಂಡು ಮಗುಚಿ ನೋಡತೊಡಗಿದೆ. ನಿಮ್ಮ ಮನೆಯವರಿಗೆ ಈ ಆಟ ಇಷ್ಟವೇ ಎಂದು ಕೇಳಿದ್ದ. ಅದು ಸ್ನೇಹದ ಮಾತೇ, ಅಥವಾ ಮನೆಯವರು ಏನು ಮಾಡುತ್ತಾರೆಂದು ತಿಳಿಯುವ ಉಪಾಯವೇ? ಹಳಿ ಜೋಡಿಸುವುದು ಅಷ್ಟು ಜಾಣನಿಗೆ ನಿಜಕ್ಕೂ ಗೊತ್ತಿರಲಿಲ್ಲವೇ? ತನ್ನ ಅಜ್ಜ ಬರ್ಮಾದಲ್ಲಿ ಹೇಸರಗತ್ತೆ ನಡೆಸುತ್ತಿದ್ದ, ಒಂದು ಕಿವಿ ಕೇಳಿಸದೆ ಮನೆಗೆ ಬಂದ ಎಂದು ಬರೆದಿದ್ದ. ಅದನ್ನು ಓದಿ ನನ್ನ ಕಣ್ಣು ತುಂಬಿತ್ತು. ಈಗ ಆ ಅಜ್ಜನೂ ಸುಳ್ಳಿರಬಹುದು ಅನ್ನಿಸಿತು. ಆಫೀಸಿನಲ್ಲಿ ಸುಳ್ಳು ಕ್ಲೇಮುಗಳನ್ನು ವಾಸನೆಯಿಂದಲೇ ಹಿಡಿಯುತ್ತೇನೆ ಎಂದು ಜಂಬವಿದ್ದ ನನಗೆ ಇಲ್ಲಿ ಯಾವ ವಾಸನೆಯೂ ಸಿಗಲಿಲ್ಲ. ಒಮ್ಮೆ ಅವನು ಕತ್ತಲೆಯಲ್ಲಿ ಮಕ್ಕಳನ್ನು ತಬ್ಬಿ ಕೂತ ಅಪ್ಪ. ಮರುಗಳಿಗೆ ನನ್ನ ಮನೆಯ ನಕ್ಷೆ ಮುಂದಿಟ್ಟುಕೊಂಡು ಕೂತ ಯಾರೋ. ಅವನಿಗೆ ಏನಾಯಿತೋ ಎಂದು ಹೆದರುತ್ತಲೇ ಅವನಿಗೂ ಹೆದರುತ್ತಿದ್ದೆ. ಇದನ್ನು ಯಾರ ಹತ್ತಿರ ಹೇಳುವುದು?

ಗಡಿಯಲ್ಲಿ ಸದ್ದು ನಿಂತ ಎಷ್ಟೋ ದಿನಗಳ ಮೇಲೆ ಮತ್ತೆ ಕರೆ ಬಂತು. ಅದೇ ಕೋಣೆ, ಅದೇ ಅಧಿಕಾರಿ. ಲ್ಯಾಪ್‌ಟಾಪನ್ನೂ ಫೋನನ್ನೂ ನನ್ನ ಕಡೆಗೆ ಸರಿಸಿದರು.

“ಈ ನಕ್ಷೇಲಿ ಇರೋದು ಇಲ್ಲಿ ಆಟೋ ಓಡ್ಸೋರಿಗೆಲ್ಲ ಗೊತ್ತಿರೋದೇ. ಹಾಗಾಗಿ ವಿಚಾರಣೆ ಮುಂದುವರಿಸೋದಿಲ್ಲ. ನಿಮ್ಮೆಜಮಾನ್ರು ತಾವೇ ಬಂದು ಹೇಳಿದ್ದು ಒಳ್ಳೇದಾಯ್ತು.”

“ಸರ್, ಅವರು ಯಾರು ಅಂತ ಗೊತ್ತಾಯ್ತಾ?”

ಅವರು ಇಲ್ಲವೆಂದು ತಲೆಯಾಡಿಸಿದರು. “ಮೇಷ್ಟ್ರೇ ಇರ್ಬಹುದು. ಅಲ್ಲದೇನೂ ಇರ್ಬಹುದು. ಇನ್ಮೇಲೆ ಬರೀಬೇಡಿ.” ನಾನು ಏಳುವಾಗ ಸ್ವಲ್ಪ ತಡೆದು, “ಆ ಬರ್ಮಾ ಸಿನಾರಿಯೊ ನಾನು ಆಡಿ ನೋಡ್ದೆ. ನದಿ ದಾಟೋಕೆ ದೋಣಿ ಸಾಲಲ್ಲ,” ಎಂದರು. ಆಗಲೂ ನಗಲಿಲ್ಲ.

ಮನೆಗೆ ಬಂದು ತಾಣ ತೆರೆದಾಗ ಕೆಟಲ್‌ನದೊಂದು ಮಾತು ಕಾದಿತ್ತು. ತಾವೆಲ್ಲ ಕ್ಷೇಮ, ಚಿಕ್ಕವಳು ಇನ್ನೂ ನಿದ್ದೆಯಲ್ಲಿ ಬೆಚ್ಚುತ್ತಾಳೆ, ನಿಮ್ಮ ಮನೆಯವರು ಹೇಗಿದ್ದಾರೆ, ಜನರಲ್ ಕ್ಷೇಮವೇ? ಎದೆ ಹಗುರಾಯಿತು, ಅದು ಸುಳ್ಳಲ್ಲ. ಹಗುರಾದದ್ದಕ್ಕೇ ಮತ್ತೆ ಹೆದರಿಕೆಯೂ ಆಯಿತು. ಗಂಡನನ್ನು ಕರೆದು ತೋರಿಸಿದೆ. ಅವರು ಓದಿ, ನನ್ನ ಹೆಗಲ ಮೇಲೆ ಕೈಯಿಟ್ಟರು. ಅದನ್ನು ಅವರೇ ಮರುದಿನ ಅಧಿಕಾರಿಗೆ ತಿಳಿಸಿದರು. ನಾನು ಉತ್ತರ ಬರೆಯಲಿಲ್ಲ, ಆ ತಾಣದಿಂದಲೂ ಹೊರಗೆ ಬಂದೆ. ಕಾರಣವೇನೆಂದು ಅವನಿಗೆ ಗೊತ್ತಾಗಿರಬಹುದು. ನಾನೇ ಸತ್ತೆನೆಂದುಕೊಂಡಿರಲೂಬಹುದು.

ಗಂಡ ಇನ್ನೂ ಸ್ಟೋರ್ಸಿನಲ್ಲೇ ಇದ್ದಾರೆ. ಈ ಮಳೆಗಾಲದಲ್ಲಿ ಮತ್ತೆ ಒಂದು ಸಿನಾರಿಯೊ ಶುರು ಮಾಡಿದ್ದೇನೆ, ಆಡಿ ನೋಡುವವರು ಯಾರೂ ಇಲ್ಲದೆ. ಅವರು ಇಸ್ತ್ರಿ ನಡುವೆ ಒಮ್ಮೊಮ್ಮೆ ಬಂದು ಪರದೆಯನ್ನು ಬಗ್ಗಿ ನೋಡುತ್ತಾರೆ.

“ಇದ್ಯಾವ ಊರು?”

“ಯಾವ ಊರೂ ಅಲ್ಲ. ನಾನೇ ಕಟ್ಟಿದ್ದು.”

“ಆಯ್ತು,” ಎನ್ನುತ್ತಾರೆ. ಆದರೂ ಹೋಗುವುದಿಲ್ಲ. ಒಂದೊಂದೇ ಕಣದ ಮೇಲೆ ಕಣ್ಣು ಹಾಯಿಸುತ್ತ, ನದಿ ಎಲ್ಲಿ ತಿರುಗುತ್ತದೆ, ಹಳಿ ಎಲ್ಲಿಗೆ ಹೋಗುತ್ತದೆ ಎಂದು ಕೊನೆಯವರೆಗೂ ನೋಡುತ್ತಾರೆ.