ಸಿಂದಗಿಯಲ್ಲಿ ಹೊಡೆದ ಒಂದೇ ಗೋಲು

ಫುಟ್‌ಬಾಲ್ ಆಡುತ್ತಿದ್ದೆ ಎಂದರೆ ಸಾಕು, ಜನ ಮೊದಲು ಕೇಳುವುದು ಒಂದೇ ಮಾತು: “ಎಷ್ಟ ಗೋಲ್ ಹೊಡದೀರಿ?” ಹತ್ತೊಂಬತ್ತು ವರ್ಷ ಇಂಡಿ ತಾಲೂಕಿನ ತಂಡದಲ್ಲಿ ಬ್ಯಾಕ್ ಆಡಿದವನು ನಾನು. ಬ್ಯಾಕ್ ಎಂದರೆ ನಮ್ಮ ಗೋಲಿನ ಮುಂದೆ ನಿಂತು ಎದುರಿನವರನ್ನು ತಡೆಯುವವನು. ಎಷ್ಟು ಗೋಲು ತಡೆದೆ ಎಂದು ಈ ತನಕ ಒಬ್ಬ ಪುಣ್ಯಾತ್ಮನೂ ಕೇಳಿಲ್ಲ. ಕೇಳಿದರೂ ಏನು ಹೇಳಲಿ? ಆಗದೇ ಹೋದದ್ದನ್ನು ಯಾರೂ ಬರೆದಿಡುವುದಿಲ್ಲವಲ್ಲ.

ನಮ್ಮವ್ವನಿಗಂತೂ ನನ್ನ ಆಟ ಕೊನೆಯವರೆಗೂ ತಿಳಿಯಲಿಲ್ಲ. ಒಮ್ಮೆ ಮೈದಾನಕ್ಕೆ ಬಂದವಳು ಆಟದ ನಡುವೆಯೇ ಗೆರೆಯ ಹತ್ತಿರ ನಿಂತು ಗದರಿದಳು. “ಎಲ್ಲಾರೂ ಮುಂದ ಓಡ್ಯಾಡಾಕತ್ತಾರ, ನೀ ಒಬ್ಬಾಂವ ಯಾಕ ಹಿಂದ ನಿಂತೀಯೋ? ನಿನ್ನ ಮುಂದ ಬಿಡಂಗಿಲ್ಲೇನು?”

“ಹಿಂದ ನಿಂದ್ರಾಕ ಗಟ್ಟಿ ಮನಷ್ಯಾ ಬೇಕಬೇ ಅವ್ವಾ,” ಎಂದೆ. ಅವಳು ನಂಬಲಿಲ್ಲ. ಆದರೆ ನಾನು ಹೇಳಿದ್ದು ನಿಜ, ಈಗಲೂ ಎದೆ ತಟ್ಟಿ ಹೇಳುತ್ತೇನೆ.

ಬೆಳಗಿನಿಂದ ಲಿಂಬೆ ಮಾರುಕಟ್ಟೆಯಲ್ಲಿ ಕಾಯಿ ಆರಿಸುವುದು ನನ್ನ ಕೆಲಸ, ಸಂಜೆ ಐದಕ್ಕೆ ಮೈದಾನ. ಬೆರಳಿಗೆ ಲಿಂಬೆ ವಾಸನೆ, ಮೊಣಕಾಲಿಗೆ ಎರೆಮಣ್ಣು. ಎದುರಿನವನು ಚೆಂಡು ತೆಗೆದುಕೊಂಡು ಬಂದಾಗ ನಾನು ಅವನ ಕಣ್ಣನ್ನಾಗಲಿ ಕಾಲನ್ನಾಗಲಿ ನೋಡುತ್ತಿರಲಿಲ್ಲ, ಸೊಂಟ ನೋಡುತ್ತಿದ್ದೆ. ಅದು ತಿರುಗಿದ ಕಡೆಗೇ ಮನುಷ್ಯ ಹೋಗಬೇಕು. ಮುದ್ದೇಬಿಹಾಳದಲ್ಲಿ ಗಾಳಿ ಹಾಗೆ ಓಡುವ ಹುಡುಗನೊಬ್ಬನಿದ್ದ. ಅವನನ್ನು ಮೊದಲ ಸಲ ತಡೆದ ದಿನ ಬಿದ್ದ ಕಲೆ ಇವತ್ತಿಗೂ ನನ್ನ ಎಡಮೊಣಕಾಲಿನಲ್ಲಿದೆ. ಯಾರಾದರೂ ಸಿಕ್ಕರೆ ಪ್ಯಾಂಟು ಮಡಚಿ ತೋರಿಸಿಬಿಡುತ್ತೇನೆ, ನಾಚಿಕೆಯಿಲ್ಲ.

ನಾಚಿಕೆ ಇದ್ದದ್ದು ಒಂದೇ ವಿಷಯಕ್ಕೆ.

ಸಿಂದಗಿಯಲ್ಲಿ ಆಟ. ಅವರ ಕಡೆಯಿಂದ ಚೆಂಡೊಂದು ಮೇಲಿನಿಂದ ನಮ್ಮ ಗೋಲಿನತ್ತ ಬಂತು. ಹಿಂದಿನಿಂದ ನಮ್ಮ ಗೋಲ್‌ಕೀಪರ್ ಚೀರಿದ: “ಬಿಡೋ!” ನನಗೆ ಬಿಡು, ನಾನು ಹಿಡಿಯುತ್ತೇನೆ ಎಂದು ಅವನ ಅರ್ಥ. ಆದರೆ ನಮ್ಮ ಕಡೆ ಯಾರಿಗಾದರೂ ಬಾರಿಸುವುದಕ್ಕೂ ‘ಒಂದ ಬಿಡ್ತೇನಿ ನೋಡ’ ಎಂದೇ ಹೇಳುತ್ತೇವೆ. ಮಾರುಕಟ್ಟೆಯಲ್ಲಿ ಹಗಲೆಲ್ಲ ಅದೇ ಭಾಷೆ ಕೇಳುವ ಕಿವಿ ನನ್ನದು. ಬಾರಿಸು ಅಂದ ಎಂದುಕೊಂಡೆ. ಇದ್ದಬದ್ದ ಶಕ್ತಿಯೆಲ್ಲ ಕೂಡಿಸಿ ಒಂದು ಬಿಟ್ಟೆ. ಚೆಂಡು ಕಾಲಿನ ಅಂಚಿಗೆ ತಾಗಿ ಗರ್ರನೆ ತಿರುಗಿ, ಗೋಲ್‌ಕೀಪರನ ಪಕ್ಕದಿಂದ ನಮ್ಮದೇ ಗೋಲಿನೊಳಗೆ ಹೋಯಿತು. ಆ ಒಂದು ಗೋಲಿನಿಂದಲೇ ಸೋತೆವು.

ಹತ್ತೊಂಬತ್ತು ವರ್ಷಗಳಲ್ಲಿ ನಾನು ಹೊಡೆದದ್ದು ಅದೊಂದೇ ಗೋಲು.

ಮಗಳು ಶಾಲೆಗೆ ಹೋಗುವ ವಯಸ್ಸಿನಲ್ಲಿ ಕೇಳಿದಳು: “ಅಪ್ಪಾ, ನೀ ಎಷ್ಟ ಗೋಲ್ ಹೊಡದೀ?” “ಒಂದ,” ಎಂದೆ. “ಯಾವೂರಾಗ?” “ಸಿಂದಗಿಯಾಗ.” ಸುಳ್ಳೇನೂ ಅಲ್ಲ. ಆದರೆ ಅವಳು ಅದನ್ನು ಶಾಲೆಯಲ್ಲೆಲ್ಲ ಸಾರಿ ಬಂದಳು, ‘ನಮ್ಮಪ್ಪ ಸಿಂದಗಿಯಾಗ ಗೋಲ್ ಹೊಡದಾನ’ ಎಂದು. ಅವಳ ಆ ಮುಖ ನೋಡಿದ ಮೇಲೆ ಉಳಿದದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ವರ್ಷಗಳು ಹೋದವು, ಅವಳು ಕಾಲೇಜು ಮುಗಿಸಿದಳು, ನಾನು ಹೇಳಲೇ ಇಲ್ಲ.

ಕಳೆದ ವರ್ಷ ಬಸವನ ಬಾಗೇವಾಡಿಯಲ್ಲಿ ಸುತ್ತಲಿನ ನಾಲ್ಕು ತಾಲೂಕುಗಳ ಹಳೆಯ ಆಟಗಾರರಿಗೆ ಸನ್ಮಾನ ಇಟ್ಟುಕೊಂಡರು. ಸನ್ಮಾನ ಪತ್ರಕ್ಕೆ ವಿವರ ಬೇಕೆಂದು ಅಲ್ಲಿಂದ ಮನೆಗೆ ಫೋನ್ ಬಂದಾಗ ನಾನು ಮಾರುಕಟ್ಟೆಯಲ್ಲಿದ್ದೆ. ಎತ್ತಿದವಳು ಮಗಳು. ಎಲ್ಲ ವಿವರವನ್ನೂ ಅವಳೇ ಹೇಳಿದ್ದಳು. ಏನು ಹೇಳಿರಬಹುದೆಂಬ ಯೋಚನೆ ನನಗೆ ಬರಲೇ ಇಲ್ಲ. ಅವಳನ್ನೂ ಕರೆದುಕೊಂಡು ಹೊರಟೆ. ದಾರಿಯ ಹೂವಿನ ಹಿಪ್ಪರಗಿಯಲ್ಲಿ ಚಹಾ ಕುಡಿಯುವಾಗ ನನ್ನ ಅಂಗಿಯ ಕಾಲರು ಸರಿಮಾಡಿದಳು.

ವೇದಿಕೆಯ ಮೇಲೆ ಶಾಲು ಹೊದಿಸಿ ಪತ್ರ ಓದತೊಡಗಿದರು. “ಸುದೀರ್ಘ ಹತ್ತೊಂಬತ್ತು ವರ್ಷಗಳ ಕ್ರೀಡಾ ಜೀವನದಲ್ಲಿ, ಸಿಂದಗಿ ಮೈದಾನದಲ್ಲಿ ಒಂದು ಅಮೋಘ ಗೋಲು ಬಾರಿಸಿ...” ಕೆಳಗೆ ಕುಳಿತ ಹಳೆಯ ಆಟಗಾರರು ಮೊದಲು ಮುಸಿಮುಸಿ ನಕ್ಕರು, ಆಮೇಲೆ ಬಹಿರಂಗವಾಗಿಯೇ. ಮುಂದಿನ ಸಾಲಿನಲ್ಲಿದ್ದ ಮಗಳು ಹಿಂತಿರುಗಿ ನೋಡಿದಳು. ಯಾಕೆ ನಗುತ್ತಿದ್ದಾರೆಂದು ಅವಳಿಗೆ ತಿಳಿಯಲಿಲ್ಲ. ಭೂಮಿ ಬಾಯಿಬಿಡಬಾರದೇ ಎನಿಸಿತು ನನಗೆ.

ಆಗ ಸಿಂದಗಿಯ ಹಳೆಯ ಫಾರ್ವರ್ಡ್ ಎದ್ದು ಬಂದು ಮೈಕ್ ಕಸಿದುಕೊಂಡ. ನನ್ನ ಮೇಲೆ ಎಂಟು ವರ್ಷ ನುಗ್ಗಿ ನುಗ್ಗಿ ಬರುತ್ತಿದ್ದವನು ಅವನೇ. ಈಗ ಹೊಟ್ಟೆ ಬಂದಿತ್ತು, ದನಿ ಮಾತ್ರ ಹಾಗೇ ಇತ್ತು.

“ಅದು ನಮ್ಮ ಗೋಲ್ ಐತ್ರಿ. ತಮ್ಮ ಗೋಲಿನ್ಯಾಗ ತಾನಽ ಹೊಡಕೊಂಡ,” ಎಂದ. ಸಭೆ ಗೊಳ್ಳೆಂದಿತು. ನಾನು ಮಗಳ ಕಡೆ ನೋಡಲಿಲ್ಲ.

“ನಗಬ್ಯಾಡ್ರಿ. ಎಂಟು ವರ್ಷ ಇವನ ಮುಂದ ಆಡೇನಿ. ಒಂದರೆ ಗೋಲ್ ಹೊಡಿಯಾಕ ಬಿಟ್ಟಿಲ್ಲ ಈ ಮನಷ್ಯಾ. ಸಿಂದಗಿಗೆ ಒಂದ ಗೋಲ್ ಬೇಕಂದ್ರ ಖುದ್ದ ಇಂವಽ ಹೊಡೀಬೇಕಾತು ನೋಡ್ರಿ!”

ಈಗ ಚಪ್ಪಾಳೆ ಬಿತ್ತು. ಅಷ್ಟು ಚಪ್ಪಾಳೆ ನಾನು ಆಡುವಾಗ ಒಮ್ಮೆಯೂ ಕೇಳಿರಲಿಲ್ಲ. ಅವನು ಬಂದು ತಬ್ಬಿಕೊಂಡಾಗ ಕಣ್ಣಲ್ಲಿ ನೀರು ಬಂತು, ಶಾಲಿನಿಂದಲೇ ಒರೆಸಿಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಪತ್ರವನ್ನು ಮತ್ತೆ ಮೊದಲಿನಿಂದ ಓದಿದಳು. ಕೊನೆಗೆ ನಾನೇ ಬಾಯಿಬಿಟ್ಟೆ, “ನಿನಗ ಮೊದಲ ಹೇಳಬೇಕಾಗಿತ್ತವ್ವಾ.” ಅವಳು ಪತ್ರವನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡಳು. “ಇರ್ಲಿ ಬಿಡಪಾ,” ಎಂದಳು. ಈ ಸಲ ‘ಬಿಡು’ ಎಂಬ ಮಾತು ನನಗೆ ಸರಿಯಾಗಿ ಕೇಳಿಸಿತು.

ಆ ಪತ್ರ ಈಗ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಬಂದವರು ಓದಿ, ನಿಜಕ್ಕೂ ಒಂದೇ ಗೋಲೇ ಎಂದು ಕೇಳಿಯೇ ಕೇಳುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಮಗಳ ಉತ್ತರ ಬರುತ್ತದೆ:

“ನಮ್ಮಪ್ಪ ಒಂದ ಹೊಡದಾನ್ರಿ. ಸಿಂದಗಿಯವರ ಕೈಲೆ ಆಗಲಿಲ್ಲಂತ.”